ವೈನಿಯ ಎಡಗಿವಿ

ವೈನಿ, ಆ ದಿನ ಡಾಕ್ಟರು ಹನಿ ಹಾಕಿದರೆ ಸಾಕು ಎಂದಿರಲಿಲ್ಲ. ಹಾಗೆ ಹೇಳಿದವಳು ನಾನು.

ಆಪರೇಷನ್ ಮಾಡಲೇಬೇಕು, ತಡ ಮಾಡಬೇಡಿ ಎಂದು ಅವರು ಹೇಳಿದ್ದರು. ನೀವು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದಿರಿ. ನಿಮಗೆ ಆಗ ಬಾರದ ಹಿಂದಿಯಲ್ಲಿ, ನನ್ನ ಮುಖ ನೋಡಿ ಹೇಳಿದ್ದರು. ಹದಿನೆಂಟು ವರ್ಷದಿಂದ ನೀವು ಆ ಕಿವಿಯ ಕಥೆಯನ್ನು ಯಾರಿಗೇ ಹೇಳಿದರೂ ‘ಪಾಪ, ಮೊದಲ ಡಾಕ್ಟರಿಗೂ ತಿಳೀಲಿಲ್ಲ’ ಎಂದೇ ಶುರು ಮಾಡುತ್ತೀರಿ. ನಾನು ಅಲ್ಲೇ ಇರುತ್ತೇನೆ — ಚಹಾ ಸೋಸುತ್ತಲೋ, ನಿಮ್ಮ ಮಗಳು ಪಲ್ಲವಿಯ ಜಡೆ ಹೆಣೆಯುತ್ತಲೋ. ಡಾಕ್ಟರಿಗೆ ತಿಳಿದಿತ್ತು. ನನಗೂ ತಿಳಿದಿತ್ತು. ತಿಳಿಯದೆ ಇದ್ದದ್ದು ಕಿವಿ ಯಾರದೋ ಅವರಿಗೊಬ್ಬರಿಗೇ.

ಇದನ್ನು ಬರೆದು ಕೊಡುತ್ತಿದ್ದೇನೆ, ಏಕೆಂದರೆ ಬಾಯಲ್ಲಿ ಹೇಳಬೇಕೆಂದರೆ ನಿಮ್ಮ ಬಲಗಿವಿಗೆ ಬಾಗಿ ಕೂಗಬೇಕು. ಇಂಥ ಮಾತನ್ನು ಕೂಗುವ ಧೈರ್ಯ ನನಗಿಲ್ಲ. ಅಲ್ಲದೆ, ಎದುರಿಗೆ ಕೂತರೆ ನಿಮ್ಮ ಮುಖದ ಮೇಲೆ ಏನು ಮೂಡುತ್ತದೋ ನೋಡಿ ಮಾತನ್ನು ತಿರುಗಿಸಿಬಿಡುತ್ತೇನೆ, ಅದು ನನಗೆ ಚೆನ್ನಾಗಿ ಬರುತ್ತದೆ. ನಿಮಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ. ಇದು ಇರಲಿ, ಅದು ಬೇಡ ಎಂದು ಆರಿಸಿದ್ದರಿಂದಲೇ ಇಷ್ಟೆಲ್ಲ ಆದದ್ದು.

ನೀವು ಇಂಡಿ ಕಡೆಯಿಂದ ಅಣ್ಣನನ್ನು ಮದುವೆಯಾಗಿ, ಆಂಟಾಪ್ ಹಿಲ್‌ನಲ್ಲಿ ಆಗ ನಮ್ಮದಾಗಿದ್ದ ಚಾಳಿನ ಒಂದೇ ಕೋಣೆಯ ಖೋಲಿಗೆ ಬಂದು ಎರಡು ವರ್ಷವಾಗಿತ್ತು. ಅಣ್ಣ ಘಾಟ್ಕೋಪರ್ ಕಡೆಯ ಕಟ್ಟಡಗಳಲ್ಲಿ ಟೈಲ್ಸ್ ಕೂಡಿಸುವವರ ಮುಕಾದಮ. ಬೆಳಿಗ್ಗೆ ಆರಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಅವ್ವನಿಗೆ ಲಕ್ವ ಹೊಡೆದು ಅರ್ಧ ಮೈ ಬಿದ್ದುಹೋಗಿತ್ತು. ನಾನು ಎಂ.ಎ. ಎರಡನೆಯ ವರ್ಷ. ಅವ್ವನನ್ನು ಎತ್ತಿ ಮೂಲೆಯ ಬಚ್ಚಲಿನ ಮೋರಿಗೆ ಕೂರಿಸಿ, ತೊಳೆದು, ಮತ್ತೆ ಎತ್ತಿ ಮಲಗಿಸುತ್ತಿದ್ದವರು ನೀವು. ದಿನಕ್ಕೆ ಐದಾರು ಸಲ. ನಾನು ಮಂಚದ ಆ ತುದಿಯಲ್ಲಿ ಕೂತು ಓದುತ್ತಿದ್ದೆ.

ಎಡಗಿವಿ ನಿಮಗೆ ಚಿಕ್ಕಂದಿನಿಂದ ಸೋರುತ್ತಿತ್ತು. ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟುಕೊಳ್ಳಲು ಅವ್ವ ಮಲಗಿದಲ್ಲಿಂದಲೇ ಹೇಳುತ್ತಿದ್ದಳು, ನೀವು ಬಿಟ್ಟುಕೊಳ್ಳುತ್ತಿದ್ದಿರಿ. ಕಿವಿಯಿಂದ ವಾಸನೆ ಬರುತ್ತಿತ್ತು. ಅದು ನಿಮಗೂ ಗೊತ್ತಿತ್ತು. ಊಟಕ್ಕೆ ಕೂತಾಗ ಎಡಮಗ್ಗುಲು ಗೋಡೆಯ ಕಡೆ ಬರುವಂತೆ ಕೂರುತ್ತಿದ್ದಿರಿ. ಅಣ್ಣ ಆ ಕಡೆಯಿಂದ ಕರೆದರೆ ನಿಮಗೆ ಕೇಳಿಸುತ್ತಿರಲಿಲ್ಲ. “ಕಿವುಡೀನ ಆರಿಸಿ ತಂದ್ಯಲ್ಲೋ ನನ್ನ ಮಗನ,” ಎಂದು ಅವ್ವ ಸೊಟ್ಟ ಬಾಯಲ್ಲೇ ಹಂಗಿಸುತ್ತಿದ್ದಳು. “ನಿಮ್ಮ ಬೈಗಳ ಅರ್ಧ ಕೇಳಿದ್ರ ಸಾಕ್ರಿ ಅತ್ತಿ, ಪೂರಾ ಯಾಕ ಬೇಕು,” ಎಂದು ನೀವು ನಗುತ್ತಿದ್ದಿರಿ. ಅವ್ವನೂ ನಗುತ್ತಿದ್ದಳು. ಇಷ್ಟು ನನಗೆ ಖಾತ್ರಿಯಾಗಿ ನೆನಪಿದೆ. ಮುಂದಿನದರ ಬಗ್ಗೆ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅದು ಎಷ್ಟೋ ವರ್ಷಗಳಿಂದ ನನ್ನ ಪರವಾಗಿ ವಕಾಲತ್ತು ನಡೆಸುತ್ತ ಬಂದಿದೆ.

ಪರೇಲ್ ಕಡೆಯ ಆ ದೊಡ್ಡ ಆಸ್ಪತ್ರೆಗೆ ನಿಮ್ಮನ್ನು ಕರೆದುಕೊಂಡು ಹೋದದ್ದು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಕೇಸ್ ಪೇಪರ್ ಮಾಡಿಸಿದೆವು, ಎರಡು ತಾಸು ಕೂತೆವು. ಡಾಕ್ಟರು ಚಿಕ್ಕ ವಯಸ್ಸಿನವರು. ಕನ್ನಡಕವಿತ್ತೋ ಇಲ್ಲವೋ — ನನ್ನ ನೆನಪಿನಲ್ಲಿ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಎರಡು ಕಡ್ಡಿಯ ಲೋಹದ ಫೋರ್ಕನ್ನು ತಮ್ಮ ಮೊಣಕೈಗೆ ಬಡಿದು ನಿಮ್ಮ ಕಿವಿಯ ಮುಂದೆ ಹಿಡಿದರು, ಆಮೇಲೆ ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. “ಮುಂದ ಹಿಡದ್ರ ಏನೂ ಇಲ್ಲ. ಹಿಂದ ಇಟ್ರ ಗುಂಯ್ ಅಂತೈತಿ,” ಎಂದಿರಿ ನೀವು, ಏನೋ ಆಟ ಗೆದ್ದ ಹಾಗೆ. ಅದನ್ನು ನಾನು ಹಿಂದಿಯಲ್ಲಿ ಸರಿಯಾಗಿ ಹೇಳಿದೆ. ನಿಮ್ಮ ಮಾತನ್ನು ಅವರಿಗೆ ದಾಟಿಸುವುದರಲ್ಲಿ ನಾನು ಯಾವತ್ತೂ ತಪ್ಪಿಲ್ಲ.

ಡಾಕ್ಟರಿಗೆ ಸಮಾಧಾನವಾಯಿತು. ಕೇಳುವ ನರ ಚೆನ್ನಾಗಿದೆ, ಶಬ್ದ ಅಲ್ಲಿಗೆ ಹೋಗುವ ದಾರಿ ಮಾತ್ರ ಕಟ್ಟಿದೆ ಎಂದರು. ಕಿವಿಯ ತಮಟೆಯ ಮೇಲ್ತುದಿಯಲ್ಲಿ ಚರ್ಮ ಒಳಗೆ ಹೊಕ್ಕು ಗಂಟಾಗಿದೆ, ಅದು ಸುಮ್ಮನಿರುವ ಗಂಟಲ್ಲ, ಸುತ್ತಲಿನ ಮೂಳೆಯನ್ನು ತಿನ್ನುತ್ತದೆ, ಒಳಗಿನ ಮೂರು ಪುಟ್ಟ ಮೂಳೆಗಳಲ್ಲಿ ಒಂದನ್ನು ಆಗಲೇ ತಿಂದಿರಬೇಕು. ಈಗ ತೆಗೆದರೆ ಆ ಮೂಳೆಯ ಜಾಗಕ್ಕೆ ಬೇರೆ ಚೂರನ್ನು ಕೂಡಿಸಿ ಕಿವಿ ಬಹುಮಟ್ಟಿಗೆ ಕೇಳಿಸುವ ಹಾಗೆ ಮಾಡಬಹುದು. ಬಿಟ್ಟರೆ ಒಳಗಿವಿಯ ಗೋಡೆಯನ್ನು ತೂತು ಮಾಡುತ್ತದೆ, ಆಗ ತಲೆ ತಿರುಗತೊಡಗುತ್ತದೆ. ಮುಖದ ನರ ಅದೇ ಮೂಳೆಯೊಳಗೆ ಹಾಯುತ್ತದೆ, ಅದಕ್ಕೆ ತಾಗಬಹುದು. ಮೆದುಳಿಗೂ — ಎಂದು ಹೇಳಿ ಮೇಲಕ್ಕೆ ಬೆರಳು ತೋರಿಸಿದರು. ಆಪರೇಷನ್‌ನಲ್ಲೂ ಅಪಾಯ ಇಲ್ಲದಿಲ್ಲ, ಆದರೆ ಬಿಡುವುದರಲ್ಲಿ ಹೆಚ್ಚು ಎಂದರು. ಆಮೇಲೆ ಒಂದೂವರೆ ತಿಂಗಳು ಭಾರ ಎತ್ತುವಂತಿಲ್ಲ, ಬಗ್ಗುವಂತಿಲ್ಲ. ಕೊನೆಗೆ ನನಗೇ ಒತ್ತಿ ಹೇಳಿದರು: “ಇನ್ಕೋ ಠೀಕ್ ಸೇ ಸಮ್ಝಾ ದೋ. ದೇರ್ ಮತ್ ಕರ್ನಾ.” ಇವರಿಗೆ ಸರಿಯಾಗಿ ತಿಳಿಸಿ ಹೇಳು, ತಡ ಮಾಡಬೇಡಿ ಎಂದು.

ನೀವು ನನ್ನ ತೋಳು ಹಿಡಿದು ಕೇಳಿದಿರಿ, “ಏನಂದ್ರ?”

“ಹನಿ ಹಾಕ್ಕೊಂಡ್ರ ಸಾಕಂತ ವೈನಿ.”

“ಆಪರೇಷನ್ ಬ್ಯಾಡಂತ?”

“ಬ್ಯಾಡಂತ.”

ಇಷ್ಟೇ. ಇವೆರಡು ಮಾತುಗಳ ಬಗ್ಗೆ ನನಗೆ ಅನುಮಾನವಿಲ್ಲ. ಡಾಕ್ಟರು ನಮ್ಮಿಬ್ಬರನ್ನೂ ನೋಡುತ್ತಿದ್ದರು. ನಿಮ್ಮ ಮುಖ ಅರಳಿದ್ದನ್ನು ಕಂಡು ಧೈರ್ಯದ ಹೆಂಗಸು ಎಂದುಕೊಂಡಿರಬೇಕು.

ನನ್ನ ಪರೀಕ್ಷೆಗೆ ಇಪ್ಪತ್ತಾರು ದಿನ ಉಳಿದಿತ್ತು. ಒಂದೂವರೆ ತಿಂಗಳು ಅವ್ವನನ್ನು ಎತ್ತುವವರು ಯಾರು — ಡಾಕ್ಟರು ‘ಭಾರ’ ಎಂದ ಕ್ಷಣವೇ ಈ ಪ್ರಶ್ನೆ ನನ್ನ ತಲೆಯಲ್ಲಿ ಬಂದಿತ್ತು. ಮುಖದ ನರದ ಮಾತು ಕೇಳಿ ನನಗೆ ನಡುಕ ಬಂತು ಎನ್ನುವುದೂ ನಿಜ, ನಿಮ್ಮನ್ನು ಹೆದರಿಸಬಾರದು ಎಂದು ಅನ್ನಿಸಿದ್ದೂ ನಿಜ. ಆದರೆ ಯಾವುದು ಮೊದಲು ಬಂತು? ವರ್ಷಗಟ್ಟಲೆ ನನ್ನನ್ನೇ ಕೇಳಿಕೊಂಡಿದ್ದೇನೆ. ನಡುಕ ಮೊದಲು ಬಂತು ಎಂದು ಇರಬಾರದೇ ಎಂಬ ಆಸೆ. ಪರೀಕ್ಷೆಯೇ ಮೊದಲು ಬಂತು ಎಂದು ಈಗ ಬರೆಯುತ್ತೇನೆ. ಹಾಗೆ ಬರೆದಾಗ ಕೈ ತಡೆಯುತ್ತದೆ, ಆದ್ದರಿಂದ ಅದೇ ನಿಜವಿರಬೇಕು.

ಆ ದಿನದ ಡೈರಿಯನ್ನು ನಿನ್ನೆ ತೆಗೆದು ನೋಡಿದೆ. ‘ವೈನಿಯ ಕಿವಿ ತೋರಿಸಿದೆವು. ಡ್ರಾಪ್ಸ್ ಕೊಟ್ಟಿದ್ದಾರೆ. ಗಾಬರಿಯಿಲ್ಲ.’ ಯಾರೂ ಓದದ ನನ್ನ ಸ್ವಂತ ಡೈರಿ. ಡ್ರಾಪ್ಸ್ ಕೊಟ್ಟದ್ದು ನಿಜವೇ, ಆಪರೇಷನ್ ಆಗುವವರೆಗೆ ಸೋರುವುದು ತಗ್ಗಲಿ ಎಂದು ಕೊಟ್ಟದ್ದು. ಮನೆ ತಲುಪುವುದರೊಳಗೆ ನಾನು ನನಗೂ ಸುಳ್ಳು ಹೇಳಿಕೊಂಡು ಮುಗಿಸಿದ್ದೆ. ಆ ಹಾಳೆ ನೋಡಿದ ಮೇಲೆ ಬೇರೆ ಯಾವ ಹಾಳೆಯನ್ನೂ ನಂಬಲಾಗುತ್ತಿಲ್ಲ.

ಅಣ್ಣ ಸಂಜೆ ಬಂದು ಕೈಕಾಲು ತೊಳೆಯುತ್ತ ವಿಚಾರಿಸಿದ. ಅವನಿಗೂ ಅದನ್ನೇ ಹೇಳಿದೆ. ನಮ್ಮ ಮನೆಯಲ್ಲಿ ಆಸ್ಪತ್ರೆ, ರೇಷನ್ ಆಫೀಸು, ಬ್ಯಾಂಕು ಏನಿದ್ದರೂ ನಾನೇ ಹೋಗುವುದು, ನಾನು ಬಂದು ಹೇಳಿದ್ದೇ ಆ ಕಡೆಯವರ ಮಾತು. ಮತ್ತೊಬ್ಬರನ್ನು ಕೇಳುವ ಪದ್ಧತಿಯೇ ಇರಲಿಲ್ಲ.

ಪರೀಕ್ಷೆ ಮುಗಿದ ದಿನ ಹೇಳುತ್ತೇನೆ ಎಂದುಕೊಂಡಿದ್ದೆ. ಮುಗಿಯಿತು. ಅಷ್ಟು ಹೊತ್ತಿಗೆ ಸೋರುವುದು ನಿಂತಿತ್ತು, ವಾಸನೆಯೂ ಇರಲಿಲ್ಲ. ನೀವು ಊಟಕ್ಕೆ ಗೋಡೆ ಬಿಟ್ಟು ಕೂರತೊಡಗಿದ್ದಿರಿ. ಡಾಕ್ಟರೇ ಹೆಚ್ಚು ಹೇಳಿದರೇನೋ ಎಂದುಕೊಂಡೆ. ಆಮೇಲೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಆಮೇಲೆ ಮತ್ತೆ ಸೋರಿತು, ಮತ್ತೆ ನಿಂತಿತು. ಹೇಳಬೇಕೆಂದರೆ ‘ಇಷ್ಟು ದಿನ ಯಾಕೆ ಸುಮ್ಮನಿದ್ದೆ’ ಎಂಬ ಪ್ರಶ್ನೆಯನ್ನು ದಾಟಬೇಕಿತ್ತು. ದಿನ ಕಳೆದಂತೆ ಆ ಪ್ರಶ್ನೆ ದೊಡ್ಡದಾಯಿತು.

ನಿಮಗೆ ಹನಿ ಹಾಕುತ್ತಿದ್ದವಳೂ ನಾನೇ, ನೆನಪಿದೆಯಲ್ಲ. ತಣ್ಣಗಿದ್ದರೆ ತಲೆ ತಿರುಗುತ್ತದೆಂದು ಬಾಟಲಿಯನ್ನು ಮುಷ್ಟಿಯಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆ. ನೀವು ನನ್ನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚುತ್ತಿದ್ದಿರಿ. ಆ ಆರೈಕೆಯೇ ನನಗೆ ದೊಡ್ಡ ಆಸರೆಯಾಗಿತ್ತು — ಇಷ್ಟು ಮಾಡುವವಳು ಕೆಟ್ಟವಳಾಗಲು ಹೇಗೆ ಸಾಧ್ಯ ಎಂದು. ಅದೇ ವರ್ಷ ಒಂದು ಭಾನುವಾರ ಹನಿ ಹಾಕಿ, ಒಳಗೆ ಇಳಿಯಲಿ ಎಂದು ಕಿವಿಯ ಮುಂದಿನ ಮೆತ್ತನೆಯ ಮೂಳೆಯನ್ನು ಒತ್ತಿದೆ. ನೀವು ಎರಡೂ ಕೈಯಿಂದ ನೆಲ ಹಿಡಿದುಕೊಂಡಿರಿ. “ಸುನಂದಾ, ಖೋಲಿ ತಿರಗಾಕತ್ತೈತಿ. ಬಿಡು, ಬಿಡು.” ಬಿಟ್ಟೆ. ತಿರುಗುವುದು ನಿಂತಿತು. ಕುತೂಹಲವೋ ಭಯವೋ ಗೊತ್ತಿಲ್ಲ — ಇನ್ನೊಮ್ಮೆ ಒತ್ತಿದೆ. ಮತ್ತೆ ತಿರುಗಿತು. ಗಂಟು ಒಳಗಿನ ಗೋಡೆಯನ್ನು ತಿಂದು ತೂತು ಮಾಡಿದೆ ಎಂದು ಆ ಕ್ಷಣ ನನ್ನ ಬೆರಳ ತುದಿಗೆ ತಿಳಿಯಿತು. ನಾನು ಏನು ಮಾಡಿದೆ? ಒತ್ತುವುದನ್ನು ನಿಲ್ಲಿಸಿದೆ. ಅಷ್ಟೇ.

ಅದಾಗಿ ಹನ್ನೊಂದು ದಿನಕ್ಕೆ ಆ ಬೆಳಿಗ್ಗೆ. ಅಣ್ಣ ಹೊರಟುಹೋಗಿದ್ದ. ನೀವು ಮೋರಿಯಲ್ಲಿ ಬಾಯಿ ಮುಕ್ಕಳಿಸುತ್ತಿದ್ದಿರಿ. ನೀರು ಎಡಗಡೆಯಿಂದ ತಾನಾಗಿ ಸೋರಿ ಸೆರಗಿನ ಮೇಲೆ ಬಿತ್ತು. ಮತ್ತೆ ಬಾಯಿ ತುಂಬಿಕೊಂಡಿರಿ, ಮತ್ತೆ ಸೋರಿತು. ತಿರುಗಿ ನನ್ನನ್ನು ನೋಡಿದಿರಿ. ನಿಮ್ಮ ಮುಖದ ಅರ್ಧ ಮಾತ್ರ ಹೆದರಿತ್ತು. ಉಳಿದರ್ಧ ಸುಮ್ಮನೆ ಜೋತುಬಿದ್ದಿತ್ತು, ಕಣ್ಣು ಮುಚ್ಚುತ್ತಿರಲಿಲ್ಲ. ಅವ್ವ ಮಂಚದಿಂದ ಅದನ್ನು ಕಂಡು, ನನ್ನ ಲಕ್ವ ಈಕೆಗೂ ಹತ್ತಿತು ಎಂದು ಅಳತೊಡಗಿದಳು. ಅದು ಲಕ್ವವಲ್ಲ ಎಂದು ಆ ಖೋಲಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಅದೇ ಆಸ್ಪತ್ರೆ, ಬೇರೆ ಡಾಕ್ಟರು. ಹಿಂದೆ ಇಲ್ಲಿ ತೋರಿಸಿದ್ದಿರಾ, ಹಳೆಯ ಕೇಸ್ ಪೇಪರ್ ಎಲ್ಲಿ ಎಂದರು. ಕಳೆದುಹೋಗಿದೆ ಎಂದೆ. ಆಗ ಏನು ಹೇಳಿದ್ದರು ಎಂದರು. ಹನಿ ಬರೆದುಕೊಟ್ಟರು ಎಂದೆ. ಮೊದಲನೆಯ ಸುಳ್ಳಿಗೆ ಪರೀಕ್ಷೆಯ ನೆವವಾದರೂ ಇತ್ತು. ಎರಡನೆಯದನ್ನು ನಾನು ಅಷ್ಟು ಸಲೀಸಾಗಿ, ನಿಮ್ಮ ಜೋತುಬಿದ್ದ ಮುಖದ ಎದುರಿಗೇ ಹೇಳಿದೆ. ಕೇಸ್ ಪೇಪರ್ ಕಳೆದಿರಲಿಲ್ಲ. ನನ್ನ ಎಂ.ಎ. ಸರ್ಟಿಫಿಕೇಟುಗಳ ಫೈಲಿನಲ್ಲಿತ್ತು. ಈ ಹಾಳೆಗಳ ಜೊತೆ ಅದನ್ನೂ ಇಡುತ್ತಿದ್ದೇನೆ. ‘ತಕ್ಷಣ ಶಸ್ತ್ರಚಿಕಿತ್ಸೆ, ಸಂಬಂಧಿಕರಿಗೆ ವಿವರಿಸಲಾಗಿದೆ’ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಆ ಸಂಬಂಧಿಕಳು ನಾನು.

ಅವತ್ತೇ ಮಧ್ಯಾಹ್ನ ಆಪರೇಷನ್ ಆಯಿತು. ಜೀವ ಉಳಿಯಿತು. ಮುಖ ತಿಂಗಳುಗಟ್ಟಲೆ ಹಿಡಿದು ಬಹುಪಾಲು ಮೊದಲಿನಂತಾಯಿತು. ನಕ್ಕರೆ ಬಲಕ್ಕೆ ಎಳೆಯುತ್ತದೆ, ನಿದ್ದೆಯಲ್ಲಿ ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ. ಕಿವಿ ಬರಲಿಲ್ಲ. ಫೋರ್ಕನ್ನು ಹಿಂದಿನ ಮೂಳೆಗೆ ಇಟ್ಟರೂ ಎಡಗಡೆ ಏನೂ ಇಲ್ಲ ಎಂದಿರಿ. ಈಗ ನರವೇ ಹೋಗಿದೆ, ಕಿವಿಗೆ ಹಾಕುವ ಮಷೀನೂ ಉಪಯೋಗವಿಲ್ಲ ಎಂದರು ಡಾಕ್ಟರು. ವಾರ್ಡಿನಲ್ಲಿ ತಲೆಗೆ ದಪ್ಪ ಪಟ್ಟಿ ಕಟ್ಟಿಕೊಂಡು ನೀವು ನನ್ನ ಕೈ ಹಿಡಿದು ಹೇಳಿದ ಮಾತನ್ನು ಇಲ್ಲಿ ಬರೆಯದೆ ಬಿಡಬೇಕು ಅನ್ನಿಸುತ್ತಿದೆ. ಅದಕ್ಕೇ ಬರೆಯುತ್ತೇನೆ.

“ನೀ ಇರಲಿಲ್ಲಂದ್ರ ನಾ ಸತ್ತ ಹೋಗ್ತಿದ್ನಿ, ಸುನಂದಾ.”

ನಾನು ಹೂಂ ಎಂದೆ.

ಇಷ್ಟನ್ನು ನಾನು ಹೂತಿಟ್ಟೇ ಸಾಯುತ್ತಿದ್ದೆನೇನೋ. ಆದರೆ ಮೊನ್ನೆ ಶುಕ್ರವಾರ ನಡೆದದ್ದು ನನ್ನನ್ನು ನಿಲ್ಲಲು ಬಿಡುತ್ತಿಲ್ಲ. ನಿಮ್ಮ ಬಲಗಿವಿ — ಉಳಿದಿರುವ ಒಂದೇ ಕಿವಿ — ಕಳೆದ ದೀಪಾವಳಿಯಿಂದ ಮಂದವಾಗುತ್ತ ಬಂದಿತ್ತು. ಬಾಜಾರಿನ ಹಿಂದಿ, ಮರಾಠಿ ಈಗ ನಿಮಗೆ ಬರುತ್ತದೆ. ಆದರೆ ಮಾಸ್ಕ್ ಹಾಕಿದವರ ತುಟಿ ಕಾಣುವುದಿಲ್ಲ, ಅವರ ಮಾತು ನಿಮಗೆ ದಕ್ಕುವುದಿಲ್ಲ. ಪಲ್ಲವಿ ತಾನು ಬರುತ್ತೇನೆ ಎಂದಳು. “ನೀ ಬ್ಯಾಡವಾ. ಡಾಕ್ಟರ್ ಹೇಳಿದ್ದು ನಿನಗ ತಿಳೀತೈತಿ, ನೀ ಹೇಳಿದ್ದು ನನಗ ತಿಳ್ಯಾಂಗಿಲ್ಲ. ಅರ್ಧ ಹಿಂದಿ, ಅರ್ಧ ಇಂಗ್ಲಿಷು,” ಎಂದು ನೀವು ಅವಳನ್ನು ಕಿಚಾಯಿಸಿದಿರಿ. ಅವಳು “ಆತ್ಯಾ ಇದ್ರೆ ಮಮ್ಮಿಗೆ ನಾನ್ ಬೇಡಾನೇ,” ಎಂದು ನನ್ನ ಕಡೆ ನೋಡಿ ಮುಖ ತಿರುವಿದಳು. ಹೀಗೆ ಮತ್ತೆ ನಾವಿಬ್ಬರೇ ಪರೇಲಿಗೆ ಹೋದೆವು.

ಈಗ ಕಿವಿಯ ಒಳಗನ್ನು ಪರದೆಯ ಮೇಲೆ ತೋರಿಸುತ್ತಾರೆ. ಕೆಂಪು ಗವಿಯಂಥದ್ದು, ಅದರ ಮೂಲೆಯಲ್ಲಿ ಬೆಳ್ಳಗೆ ಹೊಳೆಯುವ ಒಂದು ಗುಂಡು. “ಅದೇನದು ಬೆಳ್ಳಗ? ಛಂದ ಐತಲ್ಲ,” ಎಂದಿರಿ. ಹೆಸರು ಹೇಳುವ ಮೊದಲೇ ಅದು ಏನೆಂದು ನನಗೆ ಗೊತ್ತಾಯಿತು. ಪಕ್ಕದ ಟ್ರಾಲಿ ಹಿಡಿದುಕೊಂಡೆ. ಡಾಕ್ಟರಮ್ಮ ಎಲ್ಲವನ್ನೂ ನಿಧಾನವಾಗಿ ಹೇಳಿದರು. ಹೇಳಿ, ಇವರಿಗೆ ತಿಳಿಸಿ ಎಂದು ನನ್ನ ಕಡೆ ನೋಡಿದರು. ನೀವೂ ನೋಡಿದಿರಿ. ಹದಿನೆಂಟು ವರ್ಷದ ಹಿಂದಿನ ಅದೇ ಸ್ಟೂಲು ಅನ್ನಿಸಿತು — ಅದಲ್ಲ, ಇರಲಾರದು.

“ಏನಂದ್ರ?”

“ಮನೀಗೆ ಹೋಗಿ ಹೇಳ್ತೀನಿ ವೈನಿ.”

“ಆತು ಬಿಡು. ನೀ ಅದೀಯಲ್ಲ.”

ಇವತ್ತು ಭಾನುವಾರ. ಆಸ್ಪತ್ರೆಯಿಂದ ಬಂದು ಎರಡು ದಿನವಾಯಿತು, ನಾನು ಹೇಳಿಲ್ಲ. ನಿಮ್ಮನ್ನು ಮನೆಗೆ ಬಿಟ್ಟು, ಘಾಟ್ಕೋಪರ್‌ನ ನನ್ನ ಮನೆಗೆ ಓಡಿ ಬಂದುಬಿಟ್ಟೆ. ನನ್ನ ಭಯ ಏನೆಂದು ಹೇಳಿಬಿಡುತ್ತೇನೆ. ಆಪರೇಷನ್‌ಗೆ ಮೊದಲು ಇದನ್ನು ಓದಿದರೆ ನೀವು ಇನ್ನು ಯಾರ ಮಾತನ್ನೂ ನಂಬಲಾರಿರಿ, ಡಾಕ್ಟರನ್ನೂ, ಅಣ್ಣನನ್ನೂ. ನಂಬಿಕೆ ಹೋದವರು ಕಿವಿಯನ್ನು ಚಾಕುವಿಗೆ ಕೊಡುವುದಿಲ್ಲ. ಬೇಡ ಎಂದು ಕೂತುಬಿಟ್ಟರೆ ಆ ಬೆಳ್ಳನೆಯದು ತಿನ್ನುತ್ತ ಹೋಗುತ್ತದೆ, ನಿಮಗೆ ಪಲ್ಲವಿಯ ದನಿಯೂ ಉಳಿಯುವುದಿಲ್ಲ. ಮೊದಲು ಆಪರೇಷನ್ ಆಗಲಿ, ಗುಣವಾಗಲಿ, ಆಮೇಲೆ ಹೇಳಿದರಾಯಿತು — ನಿನ್ನೆ ಮಧ್ಯಾಹ್ನದವರೆಗೂ ಹೀಗೆಯೇ ಯೋಚಿಸಿದೆ. ಎಷ್ಟು ವಿವೇಕದ ಮಾತಾಗಿ ಕೇಳಿಸಿತು. ಆಮೇಲೆ ಇದ್ದಕ್ಕಿದ್ದಂತೆ, ಲೋಕಲ್ ರೈಲಿನಲ್ಲಿ ನಿಂತಿದ್ದಾಗ, ಹೊಳೆಯಿತು: ಅವತ್ತೂ ಇದು ವಿವೇಕವಾಗಿಯೇ ಕೇಳಿಸಿತ್ತು. ನಿಮಗೆ ಏನು ತಿಳಿದರೆ ಒಳ್ಳೆಯದು ಎಂದು ನಾನು ಮತ್ತೆ ತೀರ್ಮಾನ ಮಾಡುತ್ತಿದ್ದೆ.

ಆದ್ದರಿಂದ ಡಾಕ್ಟರಮ್ಮ ಶುಕ್ರವಾರ ಹೇಳಿದ್ದು ಇದು. ಬಲಗಿವಿಯಲ್ಲೂ ಅದೇ ಗಂಟು ಇದೆ. ಮೂಳೆ ತಿನ್ನಲು ಶುರುವಾಗಿದೆ. ಕೇಳುವ ನರ ಚೆನ್ನಾಗಿದೆ. ದಾರಿ ಮಾತ್ರ ಕಟ್ಟಿದೆ. ಆಪರೇಷನ್ ಮಾಡಿ ಗಂಟನ್ನು ತೆಗೆಯಬೇಕು, ಬಿಟ್ಟರೆ ಎಡಗಿವಿಗೆ ಆದದ್ದೇ ಇದಕ್ಕೂ ಆಗುತ್ತದೆ, ಮುಖಕ್ಕೂ ಮೆದುಳಿಗೂ ಅಪಾಯ. ತೆಗೆದ ಮೇಲೆ ಈಗಿನದಕ್ಕಿಂತ ಚೆನ್ನಾಗಿ ಕೇಳಿಸಬಹುದು, ಕೇಳಿಸದೆಯೂ ಇರಬಹುದು. ಆಗ ಮಷೀನು ಹಾಕಿಕೊಂಡರೆ ಉಪಯೋಗವಾಗುತ್ತದೆ. ಆಪರೇಷನ್‌ನಲ್ಲೇ ಈ ಕಿವಿಯೂ ಪೂರ್ತಿ ಹೋಗುವ ಸಾಧ್ಯತೆ ಇದೆ — ಕಡಿಮೆ ಎಂದರು, ಇಲ್ಲ ಎನ್ನಲಿಲ್ಲ. ಒಂದೇ ಕಿವಿಯಾದ್ದರಿಂದ ಹಿರಿಯ ಡಾಕ್ಟರೇ ಮಾಡುತ್ತಾರೆ. ಬೇರೆಡೆ ಇನ್ನೊಬ್ಬರನ್ನು ಕೇಳಬೇಕೆಂದರೆ ಕೇಳಿ, ಆದರೆ ತಿಂಗಳುಗಟ್ಟಲೆ ತಡ ಮಾಡಬೇಡಿ ಎಂದರು. ಗುರುವಾರ ಬಂದು ಒಪ್ಪಿಗೆ ಇದ್ದರೆ ನೀವೇ ಸಹಿ ಮಾಡಬೇಕು. ಇದರಲ್ಲಿ ಒಂದು ಮಾತನ್ನೂ ನಾನು ಬಿಟ್ಟಿಲ್ಲ. ಆದರೆ ಬಿಟ್ಟಿಲ್ಲ ಎಂದು ಹೇಳುವವಳು ನಾನಾದ್ದರಿಂದ, ನೀವು ನಂಬಬೇಕಾಗಿಲ್ಲ.

ನಿನ್ನೆ ಸಂಜೆ ಆ ಆಸ್ಪತ್ರೆಗೆ ಒಬ್ಬಳೇ ಹೋಗಿ ಬಂದೆ. ಅಲ್ಲಿ ಕುಂದಾಪುರ ಕಡೆಯ ಒಬ್ಬ ಸಿಸ್ಟರ್ ಇದ್ದಾರೆ, ಸುಜಾತಾ ಎಂದು. ಗುರುವಾರ ಡಾಕ್ಟರಮ್ಮ ಹೇಳುವುದನ್ನೆಲ್ಲ ನಿಮ್ಮ ಕಿವಿಗೆ ಕನ್ನಡದಲ್ಲಿ ಹೇಳಬೇಕು, ತಿಳಿಯದಿದ್ದರೆ ಬರೆದು ತೋರಿಸಬೇಕು ಎಂದು ಕೇಳಿಕೊಂಡೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇಷ್ಟ್ ಓದಿದ್ ನಿಮ್ಗೇ ಹೇಳೂಕ್ ಆತಿಲ್ಯಾ?” ಎಂದರು. ಆಗುವುದಿಲ್ಲ ಎಂದೆ. ಕಾರಣ ಕೇಳಿದರು. ಹಿಂದೊಮ್ಮೆ ನಾನು ತಪ್ಪಾಗಿ ಹೇಳಿದ್ದೆ, ಬೇಕೆಂದೇ ಹೇಳಿದ್ದೆ ಎಂದೆ. ಈ ಮಾತು ನನ್ನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು, ಅದೂ ಪರಿಚಯವಿಲ್ಲದವರ ಮುಂದೆ. ಆಕೆ ಒಪ್ಪಿಕೊಂಡರು.

ಮಂಗಳವಾರ ಮಧ್ಯಾಹ್ನ, ನೀವು ಒಬ್ಬರೇ ಇರುವಾಗ ಬಂದು ಇದನ್ನು ನಿಮ್ಮ ಕೈಗೆ ಕೊಡುತ್ತೇನೆ. ಓದಿದ ಮೇಲೆ ಅಣ್ಣನಿಗೆ ಹೇಳುವುದು, ಬಿಡುವುದು ನಿಮ್ಮದು. ಕ್ಷಮಿಸಿ ಎಂದು ಬರೆಯುತ್ತಿಲ್ಲ. ಬರೆದರೆ ನೀವು ಒಳ್ಳೆಯವರಾದ್ದರಿಂದ ಏನಾದರೂ ಉತ್ತರ ಕೊಡಲೇಬೇಕಾಗುತ್ತದೆ. ನನಗೆ ಭಯವಾಗುತ್ತಿದೆ ವೈನಿ, ಇದನ್ನು ಬರೆಯಲು ಕೂತಾಗ ಇದ್ದದ್ದಕ್ಕಿಂತ ಹೆಚ್ಚಾಗಿ. ನೀವು ಬೇಡ ಎಂದುಬಿಡುತ್ತೀರೇನೋ ಎಂದು. ಹೂಂ ಎಂದು, ಆಪರೇಷನ್‌ನಲ್ಲಿ ಏನಾದರೂ —

ಗುರುವಾರ ನೀವು ಹೋಗುವುದಾದರೆ ನಾನೂ ಬರುತ್ತೇನೆ, ಬೇಡವೆಂದರೆ ಇಲ್ಲ. ಬಂದರೂ ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಒಳಗೆ ಏನು ಮಾತಾಯಿತು, ನೀವು ಏನೆಂದಿರಿ — ಬಾಗಿಲು ತೆರೆದು ಬಂದಾಗ ನನಗೆ ಹೇಳಬೇಕಾಗಿಲ್ಲ. ನಾನು ಕೇಳುವುದೂ ಇಲ್ಲ.